ಒತ್ತುವ ಗಾಜು, ಮುಟ್ಟುವ ಗಾಜು

ಮಿಕ್ಸಿಯ ಮುಚ್ಚಳದ ಸಂದಿಯಲ್ಲಿ ಸೇರಿಕೊಂಡ ಚಟ್ನಿಯನ್ನು ಕೆರೆದು ತೆಗೆಯುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕಡ್ಡಿ ಇದೆ. ಬೆರಳುದ್ದದ್ದು, ಕಪ್ಪಗಿನದು, ತುದಿ ಮೊಂಡು. ಹೊರಗಿನವರು ನೋಡಿದರೆ ಮಿಕ್ಸಿಯ ಜೊತೆಗೇ ಬಂದದ್ದು ಅಂದುಕೊಳ್ಳಬೇಕು, ಅಷ್ಟು ಚೆನ್ನಾಗಿ ಹೊಂದಿಕೊಂಡುಬಿಟ್ಟಿದೆ. ಮೊನ್ನೆ ನನ್ನ ಹೆಂಡತಿ ಸರೋಜ ಅದನ್ನು ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದಳು. ಪೇಪರು ಓದುತ್ತಿದ್ದವನು ಅದನ್ನೇ ನೋಡುತ್ತಾ ಕೂತುಬಿಟ್ಟೆ. ಅದು ನನ್ನ ಮೊದಲ ಟಚ್ ಫೋನಿನ ಕಡ್ಡಿ. ಫೋನು ಸತ್ತು ಎಷ್ಟೋ ಕಾಲವಾಯಿತು. ಕಡ್ಡಿ ಮಾತ್ರ ಬೇರೆ ಕೆಲಸಕ್ಕೆ ಸೇರಿಕೊಂಡು ನನಗಿಂತ ಚೆನ್ನಾಗಿ ನಿವೃತ್ತ ಜೀವನ ಕಳೆಯುತ್ತಿದೆ.

ಆ ಫೋನುಗಳ ನೆನಪು ನಿಮಗೂ ಇರಬೇಕು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಗಳಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರ ಜೇಬಿನಲ್ಲೂ ಚೈನಾ ಸೆಟ್ಟು. ಎರಡು ಸಿಮ್ಮು, ಎಳೆದರೆ ಉದ್ದವಾಗುವ ಆಂಟೆನಾ, ಮದುವೆ ಮನೆಯ ಮೈಕಿಗೆ ಸಮನಾದ ಸ್ಪೀಕರು. ಬೇಲೂರಿನ ಬಸ್ಸಿನಲ್ಲಿ ಒಬ್ಬರಿಗೆ ಫೋನು ಬಂದರೆ ಇಡೀ ಬಸ್ಸಿಗೇ ಬಂದ ಹಾಗೆ. ಆ ಕಡೆಯವರು ಬೈದದ್ದನ್ನು ಕಂಡಕ್ಟರೂ ಕೇಳಿಸಿಕೊಳ್ಳುತ್ತಿದ್ದ. ಫೋನಿನ ಬೆನ್ನ ಮೂಲೆಯಲ್ಲಿ ಒಂದು ತೂತು, ಅದರೊಳಗೆ ಈ ಕಡ್ಡಿ. ನಿವೃತ್ತನಾದ ಹೊಸತರಲ್ಲಿ ನಾನೂ ಒಂದನ್ನು ಕೊಂಡೆ. "ಈ ವಯಸ್ಸಿಗೆ ಮತ್ತೆ ಸ್ಲೇಟು ಬಳಪ ಹಿಡ್ಕೊಂಡ್ರಲ್ಲ" ಎಂದು ಸರೋಜ ನಕ್ಕಿದ್ದಳು.

ಕೊಂಡದ್ದು ಸ್ಟೇಷನ್ ರಸ್ತೆಯ ನಜೀರನ ಅಂಗಡಿಯಲ್ಲಿ. ಆನ್ ಮಾಡಿದ ಕೂಡಲೇ ಪರದೆಯ ಮೂಲೆಯಲ್ಲಿ ಕೂಡುವ ಲೆಕ್ಕದ ಗುರುತು ಮೂಡಿತು. ಅದರ ನಟ್ಟನಡುವೆ ಕಡ್ಡಿಯಿಂದ ಒತ್ತಬೇಕು. ಒತ್ತಿದರೆ ಗುರುತು ಇನ್ನೊಂದು ಮೂಲೆಗೆ ಓಡುತ್ತದೆ, ಅಲ್ಲಿಯೂ ಒತ್ತಬೇಕು. ಇದೇನಪ್ಪಾ ಆಟ ಎಂದೆ.

"ಆಟ ಅಲ್ಲ ಸಾರ್," ಅಂದ ನಜೀರ. "ನೀವು ಎಲ್ಲಿ ಒತ್ತುತೀರ ಅಂತ ಅದಕ್ಕೆ ಕಲಿಸ್ಕೊಡ್ತಾ ಇದೀರ. ಇದು ಸರಿ ಆಗ್ಲಿಲ್ಲ ಅಂದ್ರೆ ನೀವು ಇಲ್ಲಿ ಒತ್ತಿದ್ರೆ ಅದು ಅಲ್ಲೆಲ್ಲೋ ಅನ್ಕೊಳ್ಳುತ್ತೆ."

ನನಗೆ ಮೈ ಜುಮ್ಮೆಂದಿತು. ಹೆಚ್ಚು ಕಡಿಮೆ ಇದೇ ಕೆಲಸ ಮಾಡಿಕೊಂಡು ನಾನು ಸರ್ಕಾರದ ಸಂಬಳ ತಿಂದಿದ್ದೆ.

ನನ್ನದು ಕುಷ್ಠರೋಗ ಪತ್ತೆ ಹಚ್ಚುವ ಕೆಲಸ. ತೊಂಬತ್ತರ ದಶಕದಲ್ಲಿ ಊರೂರಿನ ಗೋಡೆಗಳ ಮೇಲೆ, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದ್ದರೆ ತೋರಿಸಿಕೊಳ್ಳಿ ಎಂದು ನೀಲಿ ಅಕ್ಷರದಲ್ಲಿ ಬರೆಸುತ್ತಿದ್ದೆವಲ್ಲ, ಹಾಗೆ ತೋರಿಸಿಕೊಂಡವರನ್ನು ನೋಡುವವನು ನಾನು. ಡಾಕ್ಟರಲ್ಲ. ಜನ ಮಾತ್ರ 'ಮಚ್ಚೆ ಡಾಕ್ಟ್ರು' ಅನ್ನುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ, ಹೆಸರಿನ ಹಿಂದೆ ಏನಾದರೊಂದು ಇದ್ದರೆ ಯಾರಿಗೆ ಬೇಡ? ಸಲಕರಣೆ ಅಂದರೆ ಒಂದು ಬಾಲ್ ಪೆನ್ನು, ಸ್ವಲ್ಪ ಹತ್ತಿ. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯನ್ನು ಚರ್ಮಕ್ಕೆ ಮೆತ್ತಗೆ ತಾಗಿಸುವುದು, ಎಲ್ಲಿ ತಾಗಿತು ತೋರಿಸಿ ಅನ್ನುವುದು. ಸರಿಯಾಗಿ ತೋರಿಸಿದರೆ ಆ ಜಾಗಕ್ಕೆ ಜೀವ ಇದೆ. ಗಂಡಸಿ ಹೋಬಳಿಯ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುವಾಗ ಕಚಗುಳಿಯಾಗಿ ಕಿಲಕಿಲ ನಗುತ್ತಿದ್ದವು. ಮೇಷ್ಟ್ರು ಗದರುವರು. ಬಿಡಿ ಸಾರ್ ನಗಲಿ, ನಕ್ಕಷ್ಟೂ ಒಳ್ಳೆಯದು ಅನ್ನುತ್ತಿದ್ದೆ. ನಗದೆ ಸುಮ್ಮನೆ ನಿಂತ ಮಗು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು.

ಮುಟ್ಟುವ ವಿದ್ಯೆ ನನಗೆ ಚಿಕ್ಕಂದಿನಿಂದ ಬಂದದ್ದು ಅಂತ ಒಂದು ಹುಚ್ಚು ಹೆಮ್ಮೆ ನನಗೆ. ಅಪ್ಪ ಅರಸೀಕೆರೆ ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗಿನಲ್ಲಿದ್ದರು. ಕ್ವಾರ್ಟರ್ಸಿನ ಹಿಂದೆಯೇ ಹಳಿ. ನಾವು ಹುಡುಗರು ಹಳಿಯ ಮೇಲೆ ಅಂಗೈ ಇಟ್ಟು ಗಾಡಿ ಬರುವುದನ್ನು ಹೇಳುವ ಪಂದ್ಯ ಕಟ್ಟುತ್ತಿದ್ದೆವು. ಕಿವಿಗೆ ಏನೂ ಕೇಳದಿದ್ದಾಗ ಅಂಗೈಗೆ ಇರುವೆ ಹರಿದ ಹಾಗೆ ಆಗುತ್ತಿತ್ತು. ಗೂಡ್ಸು, ಪ್ಯಾಸೆಂಜರು ಎಂದು ಕೂಗುವುದರಲ್ಲಿ ನಾನೇ ಮುಂದೆ. ಅಪ್ಪನ ಕೈಗೆ ಸಿಕ್ಕಿಬಿದ್ದ ದಿನ ಬೆನ್ನಿಗೆ ಬೇರೆ ಥರದ ಸ್ಪರ್ಶಜ್ಞಾನ ಆಗುತ್ತಿತ್ತು, ಆ ಮಾತು ಬೇರೆ.

ಇನ್ನೊಂದು ಮಾತೂ ಹೇಳಬೇಕು. ನಮ್ಮ ಮನೆಯಲ್ಲಿ ಈಗ ಬುದ್ಧನ ಪಟ ಇದೆ. ಅಪ್ಪ ಅದನ್ನು ತಂದು ಗೋಡೆಗೆ ಹಾಕುವ ಮೊದಲು ನಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ, ಹಾಕಿದ ಮೇಲೂ ಅನೇಕರು ಮುಟ್ಟಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದವನು ಜನರನ್ನು ಮುಟ್ಟಿ ನೋಡುವುದನ್ನೇ ನೌಕರಿ ಮಾಡಿಕೊಂಡೆ. ಒಂದು ಹಳ್ಳಿಯ ದೊಡ್ಡ ಮನೆಗೆ ಹೋಗಿದ್ದಾಗ ಯಜಮಾನರು ಜಗುಲಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ತೋಳು ಚಾಚಿದರು. "ಪೆನ್ನಲ್ಲೇ ನೋಡಿ, ಕೈ ಹಾಕೋದು ಬೇಡ" ಅಂದರು. ಮೊದಲು ಪೆನ್ನಿನಲ್ಲೇ ನೋಡಿದೆ. ಆದರೆ ಮೊಣಕೈಯ ಹಿಂದೆ ಒಂದು ನರ ಇದೆ, ಅದು ಊದಿಕೊಂಡಿದೆಯೇ ಎಂದು ಬೆರಳಿನಿಂದ ಒತ್ತಿಯೇ ತಿಳಿಯಬೇಕು. "ನರ ಪೆನ್ನಿಗೆ ಸಿಗಲ್ಲ ಯಜಮಾನರೇ" ಅಂದೆ. ತುಂಬಾ ಹೊತ್ತು ಅಂಗಳ ನೋಡಿದರು, ಆಮೇಲೆ ತೋಳು ಮಡಚಿಕೊಟ್ಟರು. ನರ ಚೆನ್ನಾಗಿತ್ತು, ರೋಗವಿರಲಿಲ್ಲ. ನಾನು ಗೇಟು ದಾಟುವಷ್ಟರಲ್ಲಿ ಒಳಗೆ ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ರೋಗವಿಲ್ಲವಲ್ಲ ಎಂದು ಸಂತೋಷವೂ ಆಯಿತು, ಕೆಟ್ಟ ಸಿಟ್ಟೂ ಬಂತು. ಎರಡನ್ನೂ ಇಟ್ಟುಕೊಂಡು ಸೈಕಲ್ಲು ಹತ್ತಿದೆ.

ಈ ಫೋನಿನ ಪರದೆಗಳಲ್ಲೂ ಹೀಗೇ ಎರಡು ಜಾತಿ ಎಂದು ನಜೀರ ಬಿಡಿಸಿ ಹೇಳಿದ್ದ. ನನ್ನ ಚೈನಾ ಸೆಟ್ಟಿನದು ಒತ್ತುವ ಜಾತಿ. ಕಂಪನಿಯವರು ರೆಸಿಸ್ಟಿವ್ ಅನ್ನುತ್ತಾರೆ. ಮೇಲೊಂದು ತೆಳ್ಳಗಿನ ಹಾಳೆ, ಕೆಳಗೊಂದು ಗಾಜು, ನಡುವೆ ಕೂದಲೆಳೆಯಷ್ಟು ಜಾಗ. ಒತ್ತಿದಾಗ ಎರಡೂ ಕೂಡಬೇಕು, ಆಗ ಫೋನಿಗೆ ಗೊತ್ತಾಗುತ್ತದೆ. ಕಡ್ಡಿಯಾದರೂ ಸರಿ, ಉಗುರಾದರೂ ಸರಿ, ಪೆನ್ನಿನ ಮುಚ್ಚಳವಾದರೂ ಸರಿ. ಯಾರು ಎಂದು ಕೇಳುವುದಿಲ್ಲ, ಎಷ್ಟು ಒತ್ತಿದೆ ಎಂದಷ್ಟೇ ಕೇಳುತ್ತದೆ. ಇನ್ನೊಂದು ಆಗಷ್ಟೇ ಬರುತ್ತಿದ್ದ ದುಬಾರಿ ಫೋನುಗಳದ್ದು, ಮುಟ್ಟುವ ಜಾತಿ, ಕೆಪಾಸಿಟಿವ್. ಅದಕ್ಕೆ ಒತ್ತಡ ಬೇಡ. ನಮ್ಮ ಮೈಯಲ್ಲಿ ಇಷ್ಟೇ ಇಷ್ಟು ವಿದ್ಯುತ್ತು ಇದೆಯಂತೆ, ಬರಿಯ ಚರ್ಮ ತಾಗಿದರೆ ಸಾಕು, ತಿಳಿದುಕೊಳ್ಳುತ್ತದೆ. ಕಡ್ಡಿಯಿಂದ ಎಷ್ಟು ಕುಟ್ಟಿದರೂ ಜಪ್ಪಯ್ಯ ಅನ್ನುವುದಿಲ್ಲ. ಅಂದರೆ ಒಂದಕ್ಕೆ ನನ್ನ ಪೆನ್ನು ಸಾಕು, ಇನ್ನೊಂದಕ್ಕೆ ಕೈಯೇ ಬೇಕು. ನನಗೆ ಪಾಠ ಬಹಳ ಬೇಗ ಹತ್ತಿತು.

ಹತ್ತಿದರೇನು, ಒತ್ತುವ ಗಾಜು ನನಗೆ ಒಗ್ಗಲಿಲ್ಲ. ಕಡ್ಡಿ ಬೆರಳಲ್ಲಿ ನಿಲ್ಲದೆ ಜಾರಿ ಬೀಳುತ್ತಿತ್ತು. ಬೆರಳಿನಿಂದಲೇ ಒತ್ತೋಣ ಅಂದರೆ ಎಷ್ಟು ಒತ್ತಿದೆ ಎನ್ನುವ ಅಂದಾಜೇ ಸಿಗುತ್ತಿರಲಿಲ್ಲ. ಸಾಲದೇನೋ ಎಂದು ಇನ್ನಷ್ಟು ಒತ್ತುತ್ತಿದ್ದೆ. ಪರದೆಯ ಮೇಲೆ ಗುಳಿ ಬಿದ್ದು, ಐದು ಒತ್ತಿದರೆ ಎಂಟು ಬರತೊಡಗಿತು. ಸರೋಜಳಿಗೆ ಮಾಡಿದ ಫೋನು ತಿಪಟೂರಿನ ಯಾವುದೋ ಕೊಬ್ಬರಿ ಮಂಡಿಗೆ ಹೋಗಿ, ಊಟಕ್ಕೆ ಏನು ಮಾಡಿದ್ದೀಯ ಎಂದು ನಾನು ಕೇಳಿದ್ದಕ್ಕೆ ಅವರು ಆವತ್ತಿನ ಕ್ವಿಂಟಾಲ್ ದರ ಹೇಳಿದರು. ರಿಪೇರಿಗೆ ಕೊಟ್ಟಾಗ ನಜೀರ ಪರದೆಯನ್ನು ಬೆಳಕಿಗೆ ಹಿಡಿದು ನೋಡಿದ. "ಸಾರ್, ನೀವು ಒತ್ತಿಲ್ಲ, ಕೊರೆದಿದೀರ" ಅಂದ. ಬದಲಾಯಿಸಿ ಕೊಟ್ಟದ್ದನ್ನೂ ಕೆಡಿಸಿದೆ. ಚೈನಾ ಮಾಲು ಎಂದು ಬೈದೆ. ಕೊನೆಗೆ ಅವನೇ, ನಿಮ್ಮ ಕೈಗೆ ಮುಟ್ಟೋ ಟಚ್ಚೇ ಸರಿ ಎಂದು ಹೊಸ ಫೋನು ಕೊಡಿಸಿದ.

ಅದು ಬಂದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಬೆರಳು ಇಟ್ಟರೆ ಆಯಿತು, ಪಟ ಸರಿಯುತ್ತದೆ, ಅಕ್ಷರ ಮೂಡುತ್ತದೆ. ಹಳೇಬೀಡಿಗೆ ಹೋದಾಗ ಬಸದಿಯ ಆ ನುಣುಪು ಕಂಬಗಳ ಎದುರು ನಿಂತು, ನೋಡಿ ಈ ಫೋನೂ ಅಷ್ಟೇ ನುಣುಪು, ಆದರೆ ಇದಕ್ಕೆ ಮುಟ್ಟಿದವರು ಗೊತ್ತಾಗುತ್ತಾರೆ ಎಂದು ಜೊತೆಯಲ್ಲಿದ್ದವರಿಗೆ ಭಾಷಣ ಮಾಡಿದೆ. ಅವರು ಕಂಬ ನೋಡಲು ಬಂದವರು, ಪಾಪ. ಅದೇ ದಿನಗಳಲ್ಲಿ ಚಪ್ಪಲಿ ಕಾಲಿನಿಂದ ಯಾವಾಗ ಜಾರಿತೋ ತಿಳಿಯದೆ ಅರ್ಧ ಬೀದಿ ನಡೆದು ವಾಪಸು ಹುಡುಕಿಕೊಂಡು ಬಂದದ್ದೂ ಉಂಟು. ಚಪ್ಪಲಿ ಬದಲಾಯಿಸಿದೆ. ಅಂಗಿಯ ಗುಂಡಿ ಹಾಕಲು ಹೊತ್ತಾಗುತ್ತಿತ್ತು. ಗುಂಡಿಮನೆ ಚಿಕ್ಕದು ಮಾಡಿದ್ದಾನೆ ಎಂದು ಟೈಲರಿಗೆ ಬೈದೆ. ಸಕ್ಕರೆ ಕಾಯಿಲೆ ನನಗೆ ಬಹಳ ವರ್ಷದ್ದು. ಮಾತ್ರೆ ನುಂಗುವುದು ಬಿಟ್ಟರೆ ಅದರ ಕಡೆ ತಿರುಗಿ ನೋಡಿದವನಲ್ಲ.

ಹೀಗಿರುವಾಗ ಬಿಕ್ಕೋಡಿನಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬೇಲೂರಿಗೆ ಬಂದು ಹಾಸನದ ಬಸ್ಸು ಹತ್ತಿದೆ. ಹಗರೆಯಲ್ಲಿ ಟೈರು ಪಂಕ್ಚರಾಯಿತು. ಇಳಿದು ಹಾಲಿನ ಡೈರಿಯ ಎದುರು ನಿಂತಿದ್ದಾಗ, "ಸಾರ್, ಮಚ್ಚೆ ಸಾರಲ್ವಾ?" ಎಂದು ಒಬ್ಬ ಹೆಂಗಸು ಕ್ಯಾನು ಕೆಳಗಿಟ್ಟು ಓಡಿ ಬಂದಳು. ಲಕ್ಕಮ್ಮ.

ಲಕ್ಕಮ್ಮ ನನ್ನ ಹಳೆಯ ರೋಗಿ. ತೊಂಬತ್ತರ ದಶಕದಲ್ಲಿ ಆಕೆಯ ಬಲಗೈಯ ಕಿರುಬೆರಳು, ಉಂಗುರ ಬೆರಳು, ಅಂಗೈಯ ಒಂದು ಅಂಚು ಜೀವ ಕಳೆದುಕೊಂಡಿದ್ದವು. ಹಸು ಕರೆದು ಡೈರಿಗೆ ಹಾಲು ಹಾಕಿ ಸಂಸಾರ ನಡೆಸುವವಳು. ರೋಗದ ಸುದ್ದಿ ಹೊರಗೆ ಬಿದ್ದರೆ ಅವಳ ಹಾಲು ಯಾರು ಮುಟ್ಟುತ್ತಾರೆ? ಮನೆಗೆ ಬರಬೇಡಿ ಎಂದು ಕೈ ಮುಗಿದಿದ್ದಳು. ಹಾಗಾಗಿ ತಿಂಗಳ ಮಾತ್ರೆಯನ್ನು ಬಸ್ ನಿಲ್ಲುವ ಕಡೆಯೇ ಕೊಡುತ್ತಿದ್ದೆ. ನನ್ನ ಎದುರಿಗೇ ನುಂಗಬೇಕು, ಅದು ನಿಯಮ. ಇಬ್ಬರೂ ಗುರುತಿಲ್ಲದವರ ಹಾಗೆ ಒಂದೇ ಕಲ್ಲು ಬೆಂಚಿನ ಎರಡು ತುದಿಗೆ ಕೂರುವುದು, ಆಕೆ ತಲೆನೋವು ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ ಮಾತ್ರೆ ನುಂಗುವುದು, ನಾನು ಬಸ್ಸಿನ ದಾರಿ ನೋಡುವುದು. ಮಾತ್ರೆಯಿಂದ ಮೈ ಕಪ್ಪಾದಾಗ ಬಿಸಿಲಿಗೆ ಹೀಗಾಯಿತು ಎಂದು ಊರನ್ನು ನಂಬಿಸಿದಳು.

ಬೇಗ ಬಿಡುಗಡೆಯಾಗಬೇಕೆಂದು ಆಕೆ ನನ್ನನ್ನೂ ನಂಬಿಸಲು ನೋಡಿದ್ದಳು. ಕಣ್ಣು ಮುಚ್ಚಿಸಿ ಪೆನ್ನು ತಾಗಿಸಿದರೆ, ಅಂದಾಜಿನ ಮೇಲೆ ಎಲ್ಲೋ ಒಂದು ಕಡೆ ತೋರಿಸುವಳು. ಅಂಥವರಿಗೆ ನಮ್ಮಲ್ಲೊಂದು ಉಪಾಯವಿತ್ತು: ಮುಟ್ಟದೆಯೇ ತೋರಿಸಿ ಅನ್ನುವುದು. ಅಂದೆ. ಲಕ್ಕಮ್ಮ ಕಿರುಬೆರಳನ್ನು ತೋರಿಸಿದಳು. ಕಣ್ಣು ತೆರೆದು ಪೆನ್ನು ನನ್ನ ಜೇಬಿನಲ್ಲಿರುವುದನ್ನು ನೋಡಿ ಅತ್ತುಬಿಟ್ಟಳು. ರೋಗ ಪೂರಾ ವಾಸಿಯಾಯಿತು. ಆ ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ.

ಈಗ ಡೈರಿಯ ಮುಂದೆ ಅಷ್ಟು ಜನರ ನಡುವೆ ನನ್ನ ಚೀಲ ಕಿತ್ತುಕೊಂಡು, "ಬಸ್ ಹೊರಡೋಕೆ ಇನ್ನೂ ಹೊತ್ತೈತೆ, ಮನೆಗೆ ಬನ್ನಿ" ಎಂದು ನಡೆದೇಬಿಟ್ಟಳು. ಮನೆ ರಸ್ತೆಯ ಆಚೆ ಬದಿಗೇ ಇತ್ತು. ಚಾಪೆ ಹಾಸಿ ಕೂರಿಸಿದಳು. ನಾನು ಸುಮ್ಮನಿರುವವನೇ? ನಾಮಕರಣದ ಪಟ ತೋರಿಸುವ ನೆಪದಲ್ಲಿ ಫೋನು ತೆಗೆದೆ. ಒತ್ತಬೇಡ ಲಕ್ಕಮ್ಮ, ಮುಟ್ಟು ಸಾಕು ಎಂದೆ. ಆಕೆ ತೋರುಬೆರಳಿನಿಂದ ಒಂದು ಪಟ ಸರಿಸಿದಳು. ಏನನ್ನಿಸಿತೋ, ಸ್ವಲ್ಪ ಸೊಟ್ಟಗಾಗಿದ್ದ ಆ ಕಿರುಬೆರಳನ್ನು ಮೆಲ್ಲಗೆ ಗಾಜಿಗೆ ತಾಗಿಸಿದಳು. ಪಟ ಸರಿಯಿತು.

"ಅಯ್ಯೋ ಸಾರ್," ಅಂದಳು, "ಇದ್ಕೆ ಗೊತ್ತಾಯ್ತದೆ!"

ಮತ್ತೆ ಮತ್ತೆ ಸರಿಸಿದಳು. ಅಷ್ಟು ವರ್ಷ ಏನನ್ನೂ ಅರಿಯದಿದ್ದ ಬೆರಳನ್ನು ಗಾಜು ಅರಿಯುತ್ತಿತ್ತು. ಅವಳ ಕಣ್ಣು ತುಂಬಿತು, ನನ್ನದೂ. ನೋಡಿದೆಯಾ, ಇದು ಎಂಥ ಫೋನು ಎಂದು ನನ್ನದೇ ಆವಿಷ್ಕಾರ ಅನ್ನುವ ಹಾಗೆ ಬೀಗಿದೆ.

ಆಕೆ ಕಾಫಿ ತಂದಳು. ಸ್ಟೀಲಿನ ಲೋಟವನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ನಾನು ತೆಗೆದುಕೊಂಡು ಫೋನಿನ ಗುಣಗಾನ ಮುಂದುವರಿಸಿದೆ. ಲಕ್ಕಮ್ಮ ನನ್ನ ಮಾತು ಕೇಳುತ್ತಿರಲಿಲ್ಲ. ಲೋಟ ಹಿಡಿದ ನನ್ನ ಕೈಯನ್ನು ನೋಡುತ್ತಿದ್ದಳು.

"ಸಾರ್, ಸುಡ್ತಿಲ್ವಾ?"

"ಇಲ್ಲಮ್ಮ, ಹದವಾಗಿದೆ."

"ಈಗ್ಲೇ ಒಲೆ ಮ್ಯಾಲಿಂದ ಇಳಿಸಿವ್ನಿ. ಕೆಳಗಿಡಿ ಸಾರ್. ಇಡಿ ಮೊದ್ಲು."

ಇಟ್ಟೆ. ಬೆರಳುಗಳ ಒಳಮೈ ಕೆಂಪಾಗಿತ್ತು. ಆಕೆ ಎದ್ದು ಹೋಗಿ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಮುರಿದುಕೊಂಡು ಬಂದು ಎದುರಿಗೆ ಕೂತಳು. "ಕೈ ಕೊಡಿ" ಅಂದಳು. ಏನಿಲ್ಲ ಕಣಮ್ಮ, ಸ್ವಲ್ಪ ಸಕ್ಕರೆ ಕಾಯಿಲೆ ಅಂದೆ. "ಕಣ್ ಮುಚ್ಕಳಿ" ಅಂದಳು.

ಮುಚ್ಚಿದೆ. ಅಂಗೈ ಮೇಲೆ ತಾಗಿತು, ತೋರಿಸಿದೆ. ಮಣಿಕಟ್ಟಿನ ಹತ್ತಿರ ತಾಗಿತು, ತೋರಿಸಿದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. "ತೋರ್ಸಿ ಸಾರ್" ಅಂದಳು. ಬೆರಳಿನ ತುದಿಗೆ ಬಂದಿರಬೇಕು, ನನಗೆ ತಿಳಿಯಲಿಲ್ಲ ಅಂದುಕೊಂಡೆ. ಗಾಬರಿಯಾಯಿತು. ನಡುಬೆರಳಿನ ತುದಿಯನ್ನು ಗಟ್ಟಿಯಾಗಿ ಹಿಡಿದು ತೋರಿಸಿದೆ, ಇಲ್ಲೇ ಅಂದೆ. ಕಣ್ಣು ತೆರೆದೆ. ಕಡ್ಡಿ ಅವಳ ಮಡಿಲಲ್ಲಿತ್ತು.

"ಮುಟ್ಟಿರ್ಲಿಲ್ಲ ಸಾರ್" ಎಂದಳು, ಬಹಳ ಮೆತ್ತಗೆ.

ನನಗೆ ಭಯವಾಯಿತು. ಜೀವಮಾನದಲ್ಲಿ ಅಷ್ಟು ಭಯಪಟ್ಟ ನೆನಪಿಲ್ಲ. ಎಷ್ಟು ಜನರ ಕೈಗಳನ್ನು ಹೀಗೆ ಹಿಡಿದು ಕೂತಿದ್ದೆ. ಆ ಕ್ಷಣ ಅವರಿಗೆ ಒಳಗೆ ಏನಾಗುತ್ತಿತ್ತು ಎನ್ನುವುದು ಪೆನ್ನಿನ ಈ ಕಡೆ ಕೂತವನಿಗೆ ಗೊತ್ತಾಗಿರಲೇ ಇಲ್ಲ. ಒತ್ತುವ ಗಾಜು ನನ್ನ ಬೆರಳಿನ ಸಂಗತಿಯನ್ನು ದಿನವೂ ಹೇಳುತ್ತಿತ್ತು, ಬೈದು ಆಚೆಗಿಟ್ಟೆ. ಮುಟ್ಟುವ ಗಾಜಿಗೆ ನನ್ನ ಬೆರಳು ಬಂದದ್ದು ತಿಳಿಯುತ್ತಿತ್ತು, ಗಾಜು ಸಿಕ್ಕಿದ್ದು ನನ್ನ ಬೆರಳಿಗೆ ತಿಳಿಯುತ್ತಿರಲಿಲ್ಲ. ಪಟ ಸರಿಯುವುದನ್ನು ಕಣ್ಣು ನೋಡುತ್ತಿತ್ತು, ನಾನು ಅದನ್ನೇ ಮುಟ್ಟಿದ್ದು ಎಂದು ತಿಳಿದುಕೊಂಡಿದ್ದೆ.

"ಕಾಲೂ ಹಿಂಗೇನಾ?" ಎಂದು ಕೇಳಿದಳು. ಚಪ್ಪಲಿಯ ಕಥೆ ಹೇಳಿದೆ. ನಗಲಿಲ್ಲ. "ಬಿಸಿ ಪಾತ್ರೆ ಬರಿಗೈಲಿ ಹಿಡೀಬ್ಯಾಡಿ. ಬರಿಗಾಲಲ್ಲಿ ಅಂಗಳಕ್ಕೂ ಇಳೀಬ್ಯಾಡಿ. ದಿನಾ ಸಂಜೆ ಕೈಕಾಲು ತಿರುಗಿಸಿ ತಿರುಗಿಸಿ ನೋಡ್ಕಳಿ, ಎಲ್ಲಾದ್ರೂ ಗುಳ್ಳೆ ಎದ್ದೈತಾ, ಮುಳ್ಳು ಸೇರೈತಾ ಅಂತ. ನಾಳೇನೇ ದೊಡ್ಡ ಡಾಕ್ಟ್ರಿಗೆ ತೋರ್ಸಿ."

"ಗೊತ್ತಮ್ಮ, ನಾನೇ ಹೇಳ್ತಿದ್ದದ್ದಲ್ವಾ ಇದನ್ನ."

"ಹೇಳ್ತಿದ್ರಿ. ಇನ್ಮ್ಯಾಕೆ ಮಾಡಿ" ಎಂದು ಲೋಟಕ್ಕೆ ಬಟ್ಟೆ ಸುತ್ತಿ ಮತ್ತೆ ಕೈಗೆ ಕೊಟ್ಟಳು. ಕುಡಿದೆ. ಫೋನು ಚಾಪೆಯ ಮೇಲೇ ಇತ್ತು, ಅದರ ಸುದ್ದಿ ಆಮೇಲೆ ಇಬ್ಬರೂ ಎತ್ತಲಿಲ್ಲ.

ಬಸ್ಸಿನ ಹಾರನ್ನು ಕೇಳಿಸಿತು. ರಸ್ತೆಗೆ ಬಂದೆವು. ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಡೈರಿಯ ಮುಂದಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನ್ನ ಕಣ್ಣು ಆಚೆ ಬದಿಯ ಬಸ್ಸಿನ ಮೇಲಿತ್ತು. ದಾಟಲು ಕಾಲು ಬರಲಿಲ್ಲ. ಈ ಕಾಲು ನೆಲದ ಮೇಲಿದೆ ಎನ್ನುವ ನಂಬಿಕೆಯೇ ಹೊರಟುಹೋಗಿತ್ತು. ಆಗ ಪಕ್ಕದಿಂದ ಲಕ್ಕಮ್ಮನ ದನಿ ಕೇಳಿಸಿತು.

"ಬೆರಳ ತುದಿ ಹಿಡ್ಕಂಡಿವ್ನಿ ಸಾರ್. ಗೊತ್ತಾಯ್ತಾ ಐತಾ?"

ಹೂಂ ಎನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಇಲ್ಲ ಕಣಮ್ಮ."

"ನಂಗೂ ಅರ್ಧ ಗೊತ್ತಾಯ್ತಿಲ್ಲ" ಅಂದಳು. "ಆದ್ರೂ ಹಿಡ್ಕಂಡಿವ್ನಿ. ನೋಡ್ಕಳಿ."

ತಲೆ ತಗ್ಗಿಸಿ ನೋಡಿದೆ. ಹಿಡಿದುಕೊಂಡಿದ್ದಳು.